ಫೋಟೋಗೆ ಕೊಟ್ಟ ಕೋಟು

ಹೊಸ ಬಟ್ಟೆ ಹರಿಯುವುದು ನನ್ನ ಕೆಲಸ. ಹಳೆಯದಲ್ಲ, ಹೊಸದು. ಯಾರೂ ಒಮ್ಮೆಯೂ ತೊಡದ, ಕಾಲರಿನಲ್ಲಿ ಇನ್ನೂ ಬೆಲೆಚೀಟಿ ನೇತಾಡುತ್ತಿರುವ ಚಳಿಗಾಲದ ಕೋಟುಗಳು. ಪ್ಲಾಸ್ಟಿಕ್ ಕವರಿನಿಂದ ಹೊರಗೆಳೆಯಬೇಕು. ಮೇಜಿನ ಮೇಲೆ ಬೋರಲು ಹಾಕಬೇಕು. ಬೆನ್ನಿಗೆ ಉದ್ದಕ್ಕೆ ಒಂದು ಗೀರು, ತೋಳಿಗೆ ಒಂದೊಂದು, ಆಮೇಲೆ ಮಗುಚಿ ಎದೆಗೆ ಅಡ್ಡಡ್ಡ ಒಂದು. ಒಳಗಿನ ಹತ್ತಿ ಹೊರಗೆ ಬರಬೇಕು. ಬರದಿದ್ದರೆ ಇನ್ನೊಂದು ಗೀರು. ರಾಶಿಗೆ ಎಸೆದು ಮುಂದಿನದನ್ನು ಎಳೆದುಕೊಳ್ಳಬೇಕು.

ಕಂಪನಿಯವರು ಈ ಶೆಡ್ಡಿಗೆ ಮರುಬಳಕೆ ಕೇಂದ್ರ ಎಂದು ಹೆಸರಿಟ್ಟಿದ್ದಾರೆ. ರಸ್ತೆಗೆ ಕಾಣುವ ಗೋಡೆಯ ಮೇಲೆ ಆಳೆತ್ತರದ ಹಸಿರು ಎಲೆ ಬರೆಸಿದ್ದಾರೆ. ಒಳಗೆ ದುಡಿಯುವ ನಾವು ಕಸಾಯಿಖಾನೆ ಅನ್ನುತ್ತೇವೆ. ಇಲ್ಲಿಂದ ಯಾವುದೂ ಮತ್ತೆ ಬಳಕೆಗೆ ಹೋಗುವುದಿಲ್ಲ. ಹೋಗಬಾರದು ಅಂತಲೇ ನಮಗೆ ಸಂಬಳ.

ಸಂಜೆಯ ಹೊತ್ತಿಗೆ ಹೆಬ್ಬೆರಳು ಸೆಟೆದುಕೊಂಡಿರುತ್ತದೆ. ಮಡಚಲು ಇನ್ನೊಂದು ಕೈ ಬೇಕು. ಹತ್ತಿಯ ನವಿರು ಮೂಗಿಗೆ, ಕಣ್ಣಿಗೆ, ಊಟದ ಡಬ್ಬಿಗೆ. ಸೀನಿದರೆ ಬಿಳಿ, ಉಗಿದರೆ ಬಿಳಿ. ಮುಖಕ್ಕೆ ಕಟ್ಟಿಕೊಳ್ಳಲು ಬಟ್ಟೆ ಕೊಡಿ ಅಂತ ಕೇಳಿದರೆ ಸ್ಟಾಕ್ ಇಲ್ಲ ಎಂಬ ಉತ್ತರ ಬಂತು. ಬಟ್ಟೆಯ ಬೆಟ್ಟದ ಮುಂದೆ ನಿಂತವರಿಗೆ ಒಂದು ತುಂಡು ಬಟ್ಟೆಯ ಸ್ಟಾಕ್ ಇರಲಿಲ್ಲ.

ಸೇರಿದ ಹೊಸದರಲ್ಲಿ ನಾನು ಕೇಳಿದ್ದೆ, ಯಾಕೆ ಹರಿಯಬೇಕು ಅಂತ. ಮೇಲ್ವಿಚಾರಕ ನಕ್ಕಿದ್ದ. ಅವನನ್ನು ನಾವು ಇಸ್ತ್ರಿ ಎಂದು ಕರೆಯುತ್ತೇವೆ. ಅಂಗಿಯ ಮೇಲೆ ಒಂದು ಸುಕ್ಕಿರುವುದಿಲ್ಲ, ಮಾತಿನಲ್ಲೂ ಇರುವುದಿಲ್ಲ.

"ಸೀಸನ್ ಮುಗಿದ ಮೇಲೆ ಉಳಿದ ಮಾಲು ಕಣಮ್ಮಾ ಇದು," ಅಂದ. "ಕಮ್ಮಿ ರೇಟಿಗೆ ಮಾರಿದ್ರೆ ಮುಂದಿನ ಸಲ ಪೂರ್ತಿ ರೇಟು ಕೊಟ್ಟು ಯಾರು ತಗೋತಾರೆ? ಸುಮ್ನೆ ಹಂಚಿದ್ರೆ ಕಂಡಕಂಡವರೆಲ್ಲ ಹಾಕ್ಕೊಂಡು ಓಡಾಡ್ತಾರೆ. ಆಮೇಲೆ ಈ ಕೋಟಿಗೆ ಏನು ಮರ್ಯಾದೆ ಉಳಿಯುತ್ತೆ?"

ಕೋಟಿಗೆ ಮರ್ಯಾದೆ! ಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ಬಿದ್ದು ಬಿದ್ದು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ.

ಆ ಕೋಟಿನ ಮರ್ಯಾದೆ ಕಾಯಲು ನಮ್ಮ ಮರ್ಯಾದೆ ಬಿಚ್ಚಿಸುತ್ತಾರೆ. ಕೆಲಸ ಬಿಡುವಾಗ ಗೇಟಿನ ಪಕ್ಕದ ತಗಡಿನ ಗೂಡಿನೊಳಗೆ ಒಬ್ಬೊಬ್ಬರೇ ಹೋಗಬೇಕು. ಒಳಗೆ ಗೇಟಿನವಳು ನಿಂತಿರುತ್ತಾಳೆ. ಅವಳ ಬಾಯಲ್ಲಿ ಇರುವುದು ಒಂದೇ ಮಾತು, "ಬಿಚ್ಚು." ಮೇಲಿನದು ಬಿಚ್ಚಬೇಕು. ಒಳಗಿನದು ಹಳೆಯದು ಎಂದು ತೋರಿಸಬೇಕು. ಅಂದರೆ ನಮ್ಮ ಒಳಬಟ್ಟೆಯ ತೂತುಗಳೇ ನಮ್ಮ ಪ್ರಾಮಾಣಿಕತೆಗೆ ಸಾಕ್ಷಿ. ಮುಟ್ಟಾದವರನ್ನೂ ಬಿಡುವುದಿಲ್ಲ. ಒಂದು ಸಲ ಕನ್ನಡಕದಕ್ಕನ ಬಟ್ಟೆಯ ಮಡಿಕೆಯಲ್ಲಿ ಒಂದು ಗುಂಡಿ ಸಿಕ್ಕಿಕೊಂಡಿತ್ತು. ಹರಿಯುವಾಗ ಸಿಡಿದ ಗುಂಡಿ. ಅದನ್ನು ಅವಳ ಅಂಗೈಯಲ್ಲಿಟ್ಟು, ಕೈ ಚಾಚಿಸಿ, ಇಡೀ ಪಾಳಿ ಹೊರಗೆ ಹೋಗುವವರೆಗೆ ನಿಲ್ಲಿಸಿದ್ದರು. ಅವಳು ನನ್ನ ಪಕ್ಕದ ಮೇಜಿನವಳು. ಅವತ್ತಿನಿಂದ ಕೆಲಸದ ಹೊತ್ತಿನಲ್ಲಿ ಮಾತು ಕಡಿಮೆ ಮಾಡಿದಳು.

ಅತ್ತೆಯ ವಿಷಯ ಹೇಳಬೇಕು. ಅವರು ವಯಸ್ಸೆಲ್ಲ ಕಳೆದದ್ದು ನೂಲಿನ ಗಿರಣಿಯಲ್ಲಿ. ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು, ಗಿರಣಿಯ ಹತ್ತಿ ಮಾತ್ರ ಅವರ ಎದೆಯೊಳಗೆ ಇನ್ನೂ ಪಾಳಿ ಮಾಡುತ್ತಿದೆ. ನಮ್ಮದು ಒಂದೇ ಕೋಣೆಯ ಮನೆ, ತಗಡಿನ ಮಾಡು. ಚಳಿಗಾಲದಲ್ಲಿ ತಗಡು ಒಳಗಡೆ ಬೆವರುತ್ತದೆ, ಹನಿ ಹಾಸಿಗೆಗೆ ಬೀಳುತ್ತದೆ. ನನ್ನ ಗಂಡ ಲಾರಿ ಓಡಿಸುತ್ತಾನೆ, ಅಪರೂಪಕ್ಕೆ ಬರುವ ನೆಂಟ. ಇರುವವರು ನಾವಿಬ್ಬರೇ. ಅತ್ತೆ ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಾರೆ. ಮೈಮೇಲೆ ತೋಳು ಹರಿದ ಸ್ವೆಟರು, ಅದರ ಮೇಲೆ ಮಗನ ಹಳೆಯ ಅಂಗಿ, ಅದರ ಮೇಲೆ ಚಾದರ. ಆದರೂ ಹಲ್ಲು ಕಟಕಟ ಅನ್ನುತ್ತದೆ. ಉಳಿದಿರುವ ಕೆಲವೇ ಹಲ್ಲು.

ಹೋದ ಚಳಿಗಾಲದಲ್ಲಿ ನೆಗಡಿ ಎದೆಗಿಳಿದು ಆಸ್ಪತ್ರೆ ಸೇರಿ ಹೇಗೋ ಬದುಕಿ ಬಂದರು. ಈ ಸಲ ಡಾಕ್ಟರು ಮೊದಲೇ ಹೇಳಿದ್ದರು, "ಎದೆ, ಕತ್ತು ಬೆಚ್ಚಗಿಡಿ. ಇನ್ನೊಂದು ಸಲ ಹಾಗಾದ್ರೆ ನಮ್ಮ ಕೈಲಿ ಇಲ್ಲ." ಬೆಚ್ಚಗಿಡಿ ಅನ್ನುವುದಕ್ಕೆ ಅವರ ಗಂಟೇನು ಹೋಗುತ್ತದೆ? ಬೆಳಗಿನಿಂದ ಸಂಜೆವರೆಗೆ ನಾನು ಬೆಚ್ಚಗಿರುವುದನ್ನೇ ಸೀಳುತ್ತೇನೆ. ಅದರಲ್ಲಿ ಒಂದು, ಒಂದೇ ಒಂದು ಮನೆಗೆ ಬಂದರೆ ಅತ್ತೆ ಈ ಚಳಿಗಾಲ ದಾಟುತ್ತಾರೆ. ಇಷ್ಟೇ ಲೆಕ್ಕ. ಇದನ್ನು ತಿಳಿಯಲು ಡಾಕ್ಟರ ಓದು ಬೇಕಿಲ್ಲ.

ಮನೆಗೆ ಹೋದ ಕೂಡಲೇ ಅತ್ತೆ ಕೇಳುತ್ತಾರೆ, "ಇವತ್ತೆಷ್ಟು ಕೊಂದೆ?"

"ಲೆಕ್ಕ ಇಟ್ಟಿಲ್ಲ ಅತ್ತೆ."

"ಕೊಲ್ಲೋರು ಯಾರು ತಾನೆ ಲೆಕ್ಕ ಇಡ್ತಾರೆ ಬಿಡು," ಅನ್ನುತ್ತಾರೆ. ಆಮೇಲೆ ನನ್ನ ಹೆಬ್ಬೆರಳು ಹಿಡಿದು ಮೆಲ್ಲಗೆ ನೀವುತ್ತಾರೆ.

ನನ್ನನ್ನು ಶೆಡ್ಡಿನಲ್ಲಿ ಟೈಲರಮ್ಮ ಅನ್ನುತ್ತಾರೆ. ಇಲ್ಲಿಗೆ ಬರುವ ಮೊದಲು ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದೆ. ಇದೇ ಕಂಪನಿಯ ಇದೇ ಕೋಟಿಗೆ ತೋಳು ಕೂಡಿಸುವ ಕೆಲಸ. ಇನ್ನೂ ಅಗ್ಗಕ್ಕೆ ಹೊಲಿಯುವ ಕೈಗಳು ಬೇರೆಲ್ಲೋ ಸಿಕ್ಕವಂತೆ, ಫ್ಯಾಕ್ಟರಿ ಎತ್ತಿಕೊಂಡು ಹೋದರು. ಹೊಲಿದ ನಮ್ಮನ್ನು ಹರಿಯುವುದಕ್ಕೆ ಇಟ್ಟುಕೊಂಡರು. ನಾನು ಕೂಡಿಸಿದ ತೋಳನ್ನೇ ನಾನು ಸೀಳಿರಬಹುದು. ಹೆತ್ತವಳ ಕೈಗೇ ಕತ್ತಿ ಕೊಟ್ಟ ಹಾಗೆ.

ತಪ್ಪು ಆದದ್ದು ಅಲ್ಲೇ. ಕೋಟು ಮೇಜಿನ ಮೇಲೆ ಬಂದರೆ ನನ್ನ ಬೆರಳು ತಾನಾಗಿಯೇ ಹೊಲಿಗೆ ಹುಡುಕುತ್ತದೆ. ಬ್ಲೇಡು ಹೊಲಿಗೆಯ ಹಾದಿ ಹಿಡಿಯುತ್ತದೆ. ಬಟ್ಟೆಯ ನಡುವೆ ಅಡ್ಡಾದಿಡ್ಡಿ ಸೀಳಲು ಉಳಿದವರಿಗೆ ಬಂದ ಹಾಗೆ ನನಗೆ ಬರಲಿಲ್ಲ. ಬೆನ್ನಿನ ಜೋಡಣೆ, ಕಂಕುಳಿನ ಜೋಡಣೆ, ಅಷ್ಟು ಬಿಚ್ಚಿದರೆ ಕೋಟು ನಾಲ್ಕು ತುಂಡಾಗಿ ಬೀಳುತ್ತಿತ್ತು. ಹತ್ತಿಯೂ ಹೊರಗೆ ಇಣುಕುತ್ತಿತ್ತು. ನೋಡುವವರಿಗೆ ಸತ್ತ ಹಾಗೆಯೇ ಕಾಣುತ್ತಿತ್ತು. ಬೇಕೆಂದೇ ಮಾಡಿದೆ ಅಂತ ಹೇಳಿಕೊಂಡರೆ ಅದು ನನ್ನ ದೊಡ್ಡಸ್ತಿಕೆ. ಕೈಯ ಚಾಳಿ, ಅಷ್ಟೆ.

ರಾಶಿ ಲಾರಿಗೆ, ಲಾರಿ ಕಸದ ಗುಡ್ಡೆಗೆ. ಅಲ್ಲಿ ಆಯುವವರು ಇದ್ದಾರಲ್ಲ, ಅವರಿಗೆ ನನ್ನ ಕೋಟುಗಳು ಸಿಕ್ಕವು. ತುಂಡಿಗೆ ತುಂಡು ಹೊಂದಿಸಿ, ಗೋಣಿ ಹೊಲಿಯುವ ದಬ್ಬಳ ತಂದು, ದಪ್ಪ ದಾರದಲ್ಲಿ ಹೊಲಿದುಕೊಂಡರು. ಅಂಥ ಒಂದು ಕೋಟು ತೊಟ್ಟವನೊಬ್ಬ ಕಂಪನಿಯ ದೊಡ್ಡ ಅಂಗಡಿಯ ಮುಂದೆಯೇ ಮಲಗಿದ. ಗಾಜಿನೊಳಗೆ ಗೊಂಬೆಯ ಮೈಮೇಲೆ ಕೋಟು, ಗಾಜಿನ ಹೊರಗೆ ಅವನ ಮೈಮೇಲೆ ಅದೇ ಕೋಟು. ಯಾರೋ ಫೋಟೋ ತೆಗೆದರು. ಊರಿನ ಮೊಬೈಲುಗಳಲ್ಲೆಲ್ಲ ಅದೇ.

ಕೊಂಡವರು ಉರಿದುಬಿದ್ದರು. ಅರ್ಧ ಜನ, ಹೊಸ ಕೋಟು ಕಸಕ್ಕೆ ಹಾಕುತ್ತೀರಾ ಅಂತ ಬೈದರು. ಇನ್ನರ್ಧ ಜನ, ನಾವು ಅಷ್ಟು ಕೊಟ್ಟು ತಂದದ್ದನ್ನು ಭಿಕಾರಿ ಹಾಕಿಕೊಂಡಿದ್ದಾನಲ್ಲ ಅಂತ ಬೈದರು. ಮೊದಲಿನವರು ಬೈದು ಮುಗಿಸಿ ಸೇಲ್ ಯಾವಾಗ ಅಂತಲೂ ಕೇಳಿದರಂತೆ. ಈ ಎರಡು ಗುಂಪಿನಲ್ಲಿ ಯಾರ ಮೇಲೆ ಹೆಚ್ಚು ಉಗಿಯಬೇಕು ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಇಸ್ತ್ರಿ ಆ ಫೋಟೋವನ್ನು ದೊಡ್ಡದು ಮಾಡಿ ಮೇಜಿನಿಂದ ಮೇಜಿಗೆ ಬಂದ. ಹೊಲಿಗೆಯ ಗುಂಟ ಹೋದ ಗೀರು ಯಾರದ್ದು ಅಂತ ಹುಡುಕಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ.

"ಏನಮ್ಮಾ ಟೈಲರಮ್ಮ, ಹರಿ ಅಂದ್ರೆ ಬಿಡಿಸಿ ಇಡ್ತೀಯಾ? ಪುನಃ ಹೊಲ್ಕೊಳ್ಳಲಿ ಅಂತ?"

"ಕೈ ಹಾಗೇ ಹೋಗುತ್ತೆ ಸಾರ್."

"ಕೈಗೆ ಬುದ್ಧಿ ಕಲಿಸೋಣ ಬಾ."

ನಾನು ಬಿಚ್ಚಿದ್ದ ಕೋಟೊಂದರ ತುಂಡುಗಳನ್ನು ನನ್ನ ಹೆಗಲಿಗೆ ಹೊದಿಸಿ, ಊಟದ ಹೊತ್ತಿನಲ್ಲಿ ಬಾಗಿಲಲ್ಲಿ ನಿಲ್ಲಿಸಿದ. ಹೋಗುವವರು ಬರುವವರು ನೋಡಿ ಕಲಿಯಬೇಕಂತೆ. ನನಗೆ ನಾಚಿಕೆಯಾಗಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಬೆಚ್ಚಗಾಯಿತು. ಹರಿದ ಮೇಲೂ ಅದು ಅಷ್ಟು ಬೆಚ್ಚಗಿತ್ತು. ಅಲ್ಲಿ ನಿಂತುಕೊಂಡು ನಾನು ನೆನೆದದ್ದು ಅತ್ತೆಯ ಎದೆಗೂಡನ್ನು. ಆವತ್ತು ಹುಟ್ಟಿದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಸ್ವಲ್ಪ ದಿನಕ್ಕೆ ಪ್ರಚಾರದ ಮೇಡಂ ಬಂದಳು. ನಮ್ಮನ್ನೆಲ್ಲ ಸೇರಿಸಿ, "ಕಂಪನಿ ಅಂದ್ರೆ ಒಂದು ಕುಟುಂಬ," ಅಂದಳು. ಹಾಗೆ ಅನ್ನುವವರು ಬಂದಾಗ ಜೇಬು ಮುಟ್ಟಿ ನೋಡಿಕೊಳ್ಳಬೇಕು, ನಮಗೆ ಜೇಬೂ ಇಲ್ಲ. ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ, ದೊಡ್ಡವರು ತಮ್ಮ ಕೈಯಾರೆ ಒಬ್ಬೊಬ್ಬರಿಗೂ ಕೋಟು ಕೊಡುತ್ತಾರೆ ಅಂದಳು. ಕಂಪನಿಯ ಮಾಲೀಕನನ್ನು ಅಲ್ಲಿ ಎಲ್ಲರೂ ದೊಡ್ಡವರು ಅನ್ನುತ್ತಾರೆ. ಅವನನ್ನು ನಾವು ಯಾರೂ ನೋಡಿರಲಿಲ್ಲ. ಫೋಟೋದ ಹೊಲಸನ್ನು ಇನ್ನೊಂದು ಫೋಟೋದಿಂದ ತೊಳೆಯಲು ಬಂದಿದ್ದಾರೆ ಅಂತ ಎಲ್ಲರಿಗೂ ಗೊತ್ತಾಯಿತು. ಗೊತ್ತಾದರೂ ನನಗೆ ಖುಷಿಯಾಯಿತು. ತೊಳೆದುಕೊಳ್ಳಲಿ, ಕೋಟಂತೂ ಸಿಗುತ್ತದಲ್ಲ ಅಂದುಕೊಂಡೆ.

"ಕೊಡ್ತಾರಾ? ಹರಿಯದೇನೇ?" ಅಂದರು ಅತ್ತೆ.

"ದೊಡ್ಡವರೇ ಬಂದು ಹಾಕ್ತಾರಂತೆ ಅತ್ತೆ."

"ಬಂದು ಹಾಕೋದು ಬಿಡೇ, ಹೋಗುವಾಗ ಏನು ಮಾಡ್ತಾರೆ ಅದನ್ನ ಹೇಳು."

ಹಾಗೆ ಅಂದರೂ ಬೆಳಿಗ್ಗೆ ನನಗಿಂತ ಮೊದಲೇ ಎದ್ದು ತಲೆ ಬಾಚಿಕೊಂಡು ಕೂತಿದ್ದರು.

ಅವತ್ತು ಶೆಡ್ಡಿನ ಮುಂದಿನ ಅಂಗಳವನ್ನು ನಾವೇ ತೊಳೆದೆವು. ಹರಿದ ಕೋಟುಗಳ ರಾಶಿಗೆ ನೀಲಿ ಟಾರ್ಪಾಲು ಮುಚ್ಚಿದರು. ಹಿರಿಯರನ್ನು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂರಿಸಿದರು. ಇಸ್ತ್ರಿ ಒಬ್ಬೊಬ್ಬರ ಮುಖ ನೋಡುತ್ತಾ ಬಂದ. ಕನ್ನಡಕದಕ್ಕನ ಅಪ್ಪ ಬಸ್ ಡ್ರೈವರಾಗಿದ್ದವರು, ಗಡ್ಡ ಬೋಳಿಸಿ, ಶೂಗೆ ಪಾಲಿಶ್ ಹಾಕಿಕೊಂಡು ಬಂದಿದ್ದರು. ಇಸ್ತ್ರಿಗೆ ಅದು ಹಿಡಿಸಲಿಲ್ಲ.

"ತಾತ, ಶೂ ತೆಗೀರಿ. ಫೋಟೋದಲ್ಲಿ ಚೆನ್ನಾಗಿ ಬರಲ್ಲ."

"ಕಾಲು ಕೊರೆಯುತ್ತಪ್ಪಾ."

"ಹತ್ತು ನಿಮಿಷ ತಾತ."

ಆಗಷ್ಟೇ ತೊಳೆದ ಸಿಮೆಂಟಿನ ಮೇಲೆ ಅವರು ಬರಿಗಾಲಿಟ್ಟು ಕೂತರು. ಬಡವರು ಬಂದರೆ ಸಾಲದು, ಬಡವರ ಹಾಗೆ ಕಾಣಬೇಕು. ಕನ್ನಡಕದಕ್ಕ ಅಪ್ಪನ ಶೂ ಎತ್ತಿ ಎದೆಗೆ ಅವುಚಿಕೊಂಡು ನಿಂತಳು.

ದೊಡ್ಡವರು ಬಂದರು. ಅಷ್ಟೇನೂ ದೊಡ್ಡವನಲ್ಲ, ನನ್ನ ಗಂಡನ ವಯಸ್ಸಿನ ಒಬ್ಬ ಮನುಷ್ಯ. ಒಬ್ಬೊಬ್ಬರ ಹೆಗಲಿಗೂ ಕೋಟು ಹೊದಿಸಿದ, ಬಾಗಿ ನಕ್ಕ, ಕ್ಯಾಮೆರಾ ಕಡೆ ತಿರುಗಿದ. ಅತ್ತೆಗೆ ಕಡುನೀಲಿ ಬಣ್ಣದ್ದು ಬಂತು. ಮೊಣಕಾಲಿನವರೆಗೆ ಇಳಿಯುವ, ಗದ್ದದವರೆಗೆ ಗುಂಡಿಯಿರುವ ಕೋಟು. ಅತ್ತೆ ತೋಳು ತೂರಿಸಿಕೊಂಡರು. ಒಳಗಿನ ಲೈನಿಂಗನ್ನು ಬೆರಳಲ್ಲಿ ಒಮ್ಮೆ ಮುಟ್ಟಿ ನೋಡಿದರು.

"ಅಜ್ಜಿ, ಸ್ವಲ್ಪ ನಗಿ," ಅಂದಳು ಪ್ರಚಾರದ ಮೇಡಂ. "ಬೆಚ್ಚಗಾಯ್ತಲ್ವಾ? ಆ ಖುಷಿ ಮುಖದಲ್ಲಿ ಬರಲಿ."

"ಬೆಚ್ಚಗಾಗೋಕೆ ಬಿಡಮ್ಮ ಮೊದಲು. ಈಗಿನ್ನೂ ಹಾಕಿದೀರ."

ಮೇಡಂ "ಸೋ ಕ್ಯೂಟ್" ಅಂದಳು. ದೊಡ್ಡವನು ಸಾಲಿನ ಕೊನೆಗೆ ಹೋದ ಮೇಲೆ ಅವನ ಹುಡುಗ ಒದ್ದೆ ಕಾಗದದ ಪೊಟ್ಟಣ ಚಾಚಿದ. ದೊಡ್ಡವನು ಒಂದು ಬೆರಳೂ ಬಿಡದೆ ಕೈ ಒರೆಸಿಕೊಂಡ. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಕಾರುಗಳು ಗೇಟು ದಾಟಿದ ಕೂಡಲೇ ಇಸ್ತ್ರಿ ಚಪ್ಪಾಳೆ ತಟ್ಟಿದ. "ಆಯ್ತು, ಆಯ್ತು. ಎಲ್ಲರೂ ಕೋಟು ಬಿಚ್ಚಿ ಇಲ್ಲಿ ಹಾಕಿ."

ಯಾರಿಗೂ ಅರ್ಥವಾಗಲಿಲ್ಲ. ಒಬ್ಬಜ್ಜಿ, "ಹೆಸರು ಬರೆದು ಕೊಡ್ತಾರೇನೋ," ಅಂತ ಪಕ್ಕದವರಿಗೆ ಹೇಳಿದಳು.

"ಇದು ಫೋಟೋಗೆ ಕೊಟ್ಟಿದ್ದು. ಮಾಲು ವಾಪಸ್ ಹೋಗ್ಬೇಕು. ನಿಮಗೆ ಬೇರೆ ಬರುತ್ತೆ, ಮನೆಗೇ ಕಳಿಸ್ತಾರೆ."

ಕಳಿಸುತ್ತಾರೆ ಅನ್ನುವಾಗ ಅವನ ಕಣ್ಣು ನಮ್ಮ ಯಾರ ಮೇಲೂ ಇರಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ, ದನಿ ತಗ್ಗಿಸಿ, "ಊಟಕ್ಕೆ ಮೊದಲು ಇಷ್ಟನ್ನೂ ಹರಿದು ಮುಗಿಸಿ. ಇವರು ಹಾಕ್ಕೊಂಡು ಬೀದೀಲಿ ಓಡಾಡಿದ್ರೆ ಮತ್ತೆ ಅದೇ ರಗಳೆ," ಅಂದ.

ಕುರ್ಚಿಗಳ ಮೇಲೆ ಮುದಿ ಬೆರಳುಗಳು ಗುಂಡಿ ಬಿಚ್ಚತೊಡಗಿದವು. ಬದುಕಿಡೀ ಹೇಳಿದ್ದು ಕೇಳಿದ ಬೆರಳುಗಳು. ಒಬ್ಬರಿಗೆ ಗುಂಡಿ ಬಿಚ್ಚಲು ಬರಲಿಲ್ಲ, ಇಸ್ತ್ರಿಯೇ ಹೋಗಿ ಎಳೆದು ತೆಗೆದ. ಡ್ರೈವರ್ ತಾತ ತಮ್ಮದನ್ನು ಮಡಚಿ ಕೊಟ್ಟರು. ಮಡಚಬೇಡಿ, ಹಾಗೇ ಎಸೀರಿ ಅಂದ. ಅಳತೆಗೆ ಅಂತ ಹೆಚ್ಚಿಗೆ ತಂದಿದ್ದ ಒಂದೆರಡೂ ಸೇರಿ ಅಂಗಳದಲ್ಲಿ ಹೊಸ ಕೋಟುಗಳ ರಾಶಿಯಾಯಿತು. ಚಳಿಗಾಳಿ ಬೀಸುತ್ತಿತ್ತು. ಹಿರಿಯರೆಲ್ಲ ಮೊದಲಿಗಿಂತ ಚಿಕ್ಕವರಾಗಿ ಕಂಡರು.

ಅತ್ತೆ ಕುರ್ಚಿಯಿಂದ ಅಲುಗಲಿಲ್ಲ.

"ನಾನು ಬಿಚ್ಚಲ್ಲ," ಅಂದರು.

"ಅಜ್ಜಿ, ತಮಾಷೆ ಬೇಡ."

"ತಮಾಷೆ ಮಾಡಿದ್ದು ನೀವು. ಕೊಡ್ತೀವಿ ಅಂದ್ರಿ, ಬಂದೆ. ಆ ಯಪ್ಪ ತನ್ನ ಕೈಯಾರೆ ಹಾಕಿದ. ಹಾಕಿದೋನೇ ಬಂದು ಬಿಚ್ಚಲಿ."

ಇಸ್ತ್ರಿ ನನ್ನ ಕಡೆ ನೋಡಿದ. "ನಿಮ್ಮತ್ತೆ ತಾನೆ? ನೀನೇ ಬಿಚ್ಚು."

ನಾನು ಹೋದೆ. ಸುಳ್ಳು ಯಾಕೆ ಹೇಳಲಿ, ಬಿಚ್ಚುವುದಕ್ಕೇ ಹೋದೆ. ಬಾಡಿಗೆ ಇತ್ತು, ಅತ್ತೆಯ ಔಷಧಿ ಇತ್ತು, ಇದು ಬಿಟ್ಟರೆ ಬೇರೆ ಕೆಲಸ ಯಾರೂ ಇಟ್ಟುಕೊಂಡು ಕಾಯುತ್ತಿರಲಿಲ್ಲ. ಮಂಡಿಯೂರಿ ಮೇಲಿನ ಗುಂಡಿಗೆ ಕೈ ಹಾಕಿದೆ. ಬೆರಳು ಅವರ ಕತ್ತಿಗೆ ತಗುಲಿತು. ದಿನಾ ಬೆಳಿಗ್ಗೆ ಎದ್ದವಳೇ ನಾನು ಅವರ ಕತ್ತು ಮುಟ್ಟಿ ನೋಡುತ್ತೇನೆ, ಇದ್ದಾರೋ ಇಲ್ಲವೋ ಅಂತ. ತಣ್ಣಗಿರುತ್ತದೆ, ಒಂದು ಗಳಿಗೆ ನನ್ನ ಜೀವ ಬಾಯಿಗೆ ಬರುತ್ತದೆ. ಈಗ ಆ ಕತ್ತು ಬೆಚ್ಚಗಿತ್ತು. ಅಷ್ಟೊತ್ತಿನಿಂದ ಅವರು ಒಂದು ಸಲವೂ ಕೆಮ್ಮಿರಲಿಲ್ಲ, ಅದು ಆಗ ನನ್ನ ಗಮನಕ್ಕೆ ಬಂತು.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಗದ್ದದ ಕೆಳಗಿನ ಗುಂಡಿ ಬಿಟ್ಟುಹೋಗಿತ್ತು. ಅದನ್ನೂ ಹಾಕಿದೆ. ಕಾಲರ್ ಎತ್ತಿ ಕಿವಿ ಮುಚ್ಚಿದೆ. ಎದ್ದು ನಿಂತೆ.

"ಏನು ಮಾಡ್ತಿದೀಯ?" ಇಸ್ತ್ರಿಯ ದನಿ ಮೊದಲ ಸಲ ಸುಕ್ಕಾಯಿತು.

"ಕಾಣಿಸ್ತಿಲ್ವಾ? ಗುಂಡಿ ಹಾಕ್ದೆ."

"ಕೆಲಸ ಬೇಡ್ವಾ ನಿನಗೆ?"

"ಬೇಕು. ಆದ್ರೆ ಈ ಕೆಲಸ ನಾನು ಮಾಡಲ್ಲ."

ಅವನು ಶೆಡ್ಡಿನ ಬಾಗಿಲ ಬಳಿಯ ಮೇಜಿನಿಂದ ಬ್ಲೇಡು ಎತ್ತಿಕೊಂಡ. "ಮೈಮೇಲಿದ್ದ ಹಾಗೇ ಹರೀತೀನಿ, ಸರಿ," ಅಂತ ಬಂದ. ನಾನು ಅಡ್ಡ ನಿಂತೆ.

"ಮೊದಲು ನನ್ನ ಮೇಲೆ ಎಳಿ. ಬೆನ್ನಿಗೊಂದು, ತೋಳಿಗೊಂದೊಂದು, ಎದೆಗೆ ಅಡ್ಡಡ್ಡ ಒಂದು. ನೀನೇ ಕಲಿಸಿದ್ದು. ಒಳಗಿರೋದು ಹೊರಗೆ ಬರ್ಬೇಕು, ಮರೀಬೇಡ."

ಅವನಿಗೆ ನಾನು ಏಕವಚನ ಬಳಸಿದ್ದು ಅದೇ ಮೊದಲು. ಹಿಂದೆ ಮುಂದೆ ನೋಡಿದ. ಕನ್ನಡಕದಕ್ಕ ಶೂ ಹಿಡಿದುಕೊಂಡೇ ನನ್ನ ಪಕ್ಕ ಬಂದು ನಿಂತಿದ್ದಳು. ಅವಳ ಹಿಂದೆ ಇನ್ನೂ ನಾಲ್ಕಾರು ಹೆಂಗಸರು. ಬ್ಲೇಡು ಹಿಡಿದ ಅವನ ಕೈ ಕೆಳಗಿಳಿಯಿತು.

"ಕಳ್ಳತನದ ಕೇಸ್ ಹಾಕಿಸ್ತೀನಿ ನೋಡು," ಅಂದ. ಪೊಲೀಸರಿಗೆ ಫೋನ್ ಮಾಡಿದ.

ಪೊಲೀಸ್ ಠಾಣೆ ಹತ್ತಿರವೇ ಇತ್ತು. ಒಬ್ಬ ಪೇದೆ ಬೈಕಿನಲ್ಲಿ ಬಂದ. ಊಟದಿಂದ ಎದ್ದು ಬಂದವನು, ಹಲ್ಲಿನ ಸಂದಿಯಲ್ಲಿ ನಾಲಿಗೆ ಆಡಿಸುತ್ತಿದ್ದ. ಅವನೇನು ನಮ್ಮ ಕಡೆಯವನಲ್ಲ. ಅವನಿಗೆ ಬೇಕಾಗಿದ್ದದ್ದು ಬೇಗ ವಾಪಸ್ ಹೋಗುವುದು, ಅಷ್ಟೆ.

"ಏನು ಕಳುವಾಗಿದೆ?"

"ಒಂದು ಕೋಟು," ಅಂದ ಇಸ್ತ್ರಿ.

"ಎಲ್ಲಿದೆ ಈಗ?"

"ಅಗೋ, ಆ ಮುದುಕಿ ಮೈಮೇಲೆ."

"ಮೈಮೇಲೆ ಹೆಂಗೆ ಹೋಯ್ತು?"

ಇಸ್ತ್ರಿ ತಡವರಿಸಿದ. "ನಾವೇ ಹಾಕಿದ್ವಿ ಸಾರ್."

ಪೇದೆಯ ನಾಲಿಗೆ ನಿಂತಿತು. "ನೀವೇ ಹಾಕಿ, ನೀವೇ ಕಳುವಾಯ್ತು ಅಂತೀರಾ?"

"ಅದು ಫೋಟೋಗೆ ಅಂತ..."

ನಮ್ಮ ಮೊಬೈಲುಗಳೆಲ್ಲ ಗೇಟಿನಲ್ಲಿ ಬೀಗದೊಳಗಿದ್ದವು. ಕನ್ನಡಕದಕ್ಕ ಪೇದೆಗೆ ಹೇಳಿದಳು, "ನಿಮ್ಮ ಫೋನಲ್ಲೇ ನೋಡಿ ಸಾರ್. ಕಂಪನಿ ಹೆಸರು ಹಾಕಿ. ಆ ಮೇಡಂ ಇಲ್ಲಿಂದ ಹೋಗೋಕೆ ಮುಂಚೆನೇ ಫೋಟೋ ಹಾಕಿದ್ಲು." ಇಷ್ಟುದ್ದ ಮಾತನ್ನು ಅವಳು ಶೆಡ್ಡಿನಲ್ಲಿ ಆಡಿದ್ದನ್ನು ನಾನು ಬಹಳ ಕಾಲದಿಂದ ಕೇಳಿರಲಿಲ್ಲ.

ಪೇದೆ ಬೆರಳಾಡಿಸಿದ. ಅಲ್ಲಿತ್ತು. ಕಡುನೀಲಿ ಕೋಟು, ಅತ್ತೆಯ ಗಂಟುಮುಖ, ಹೆಗಲ ಮೇಲೆ ದೊಡ್ಡವನ ಕೈ. ಕೆಳಗೆ ಬರೆದದ್ದನ್ನು ಪೇದೆ ಜೋರಾಗಿ ಓದಿದ, "ನಮ್ಮ ಕುಟುಂಬದ ಹಿರಿಯರಿಗೆ ನಮ್ಮ ಬೆಚ್ಚನೆಯ ಕೊಡುಗೆ." ಆಗಲೇ ಸಾವಿರಾರು ಜನ ಹೃದಯ ಒತ್ತಿದ್ದರು. ಹೃದಯ ಒತ್ತುವುದಕ್ಕೆ ಹೃದಯ ಬೇಕಿಲ್ಲವಲ್ಲ.

"ನೋಡಪ್ಪಾ," ಅಂದ ಪೇದೆ. "ಕೊಟ್ಟಿದ್ದಾದ್ರೆ ಕಳುವಲ್ಲ. ಕಳುವಾದ್ರೆ ಇಲ್ಲಿ ಬರೆದಿರೋದು ಸುಳ್ಳು. ಯಾವುದು ಅಂತ ನೀನೇ ಹೇಳು, ಅದನ್ನೇ ಬರ್ಕೋತೀನಿ. ಬೇಗ ಹೇಳು."

ಇಸ್ತ್ರಿ ಪ್ರಚಾರದ ಮೇಡಂಗೆ ಫೋನ್ ಮಾಡಲು ಗೋಡೆಯ ಹತ್ತಿರ ಹೋದ. ನಮಗೆ ಕಂಡದ್ದು ಅವನ ಬೆನ್ನು. "ಹ್ಞೂಂ ಮೇಡಂ. ಇಲ್ಲ ಮೇಡಂ. ಹ್ಞೂಂ ಮೇಡಂ." ಒಂದೊಂದು ಮೇಡಂಗೂ ಆ ಬೆನ್ನು ಒಂದಿಷ್ಟು ಬಾಗುತ್ತಿತ್ತು. ನಮ್ಮನ್ನು ನಿಲ್ಲಿಸುತ್ತಿದ್ದವನನ್ನು ಯಾರೋ ಎಲ್ಲೋ ಕೂತು ಬಗ್ಗಿಸುತ್ತಿದ್ದಳು. ನನಗೆ ಅಯ್ಯೋ ಅನ್ನಿಸಲಿಲ್ಲ. ಚೆನ್ನಾಗಿದೆ ಅನ್ನಿಸಿತು.

ವಾಪಸ್ ಬಂದ. ನೆಲ ನೋಡಿಕೊಂಡು ಏನೋ ಅಂದ.

"ಜೋರಾಗಿ ಹೇಳಪ್ಪಾ," ಅಂದರು ಅತ್ತೆ. "ನನಗೆ ಕಿವಿ ಮಂದ."

ಅತ್ತೆಯ ಕಿವಿ, ಅಟ್ಟದ ಮೇಲೆ ಇಲಿ ಓಡಿದರೆ ಅದು ಗಂಡೋ ಹೆಣ್ಣೋ ಹೇಳುವಂಥದ್ದು.

"ಕೊಟ್ಟಿದ್ದು," ಅಂದ.

"ಹಾಂ?"

"ಕೊಟ್ಟಿದ್ದು ಅಂದೆ! ಕಂಪನಿಯವರು ಕೊಟ್ಟಿದ್ದು!"

ಪೇದೆ ಬೈಕ್ ಹತ್ತಿ ಹೋದ. ಆಮೇಲೆ ಡ್ರೈವರ್ ತಾತ ಬರಿಗಾಲಲ್ಲಿ ಎದ್ದರು.

"ಹಂಗಾದ್ರೆ ನಮ್ಮದೂ ಕೊಟ್ಟಿದ್ದೇ ತಾನೆ?" ಅಂದರು. ಯಾರ ಉತ್ತರಕ್ಕೂ ಕಾಯಲಿಲ್ಲ. ರಾಶಿಯ ಹತ್ತಿರ ಹೋಗಿ, ಬಗ್ಗಿ, ಹುಡುಕಿ, ತಮ್ಮದನ್ನೇ ಎಳೆದುಕೊಂಡು ತೊಟ್ಟರು. ಅವರ ಹಿಂದೆ ಹೆಸರು ಬರೆದು ಕೊಡುತ್ತಾರೆ ಅಂದಿದ್ದ ಅಜ್ಜಿ. ಅವಳ ಹಿಂದೆ ಎಲ್ಲರೂ. ಒಂದು ಕೋಟಿನ ಬೆನ್ನನ್ನು ಯಾರೋ ಹೆದರಿದವಳು ಆಗಲೇ ಸೀಳಿಬಿಟ್ಟಿದ್ದಳು. ಅದು ತನ್ನದೇ ಅಂತ ಒಬ್ಬ ಮುದುಕ ಅದನ್ನೂ ಬಿಡಲಿಲ್ಲ. "ಹಿಂದೆ ತಾನೆ ಹರಿದಿರೋದು, ನನಗೆ ಕಾಣಲ್ಲ," ಅಂತ ಹಾಕಿಕೊಂಡ. ಕನ್ನಡಕದಕ್ಕ ಕೂತು ಅಪ್ಪನ ಕಾಲು ಒರೆಸಿ ಶೂ ತೊಡಿಸಿದಳು.

"ನೀನು ನಾಳೆಯಿಂದ ಬರ್ಬೇಡ," ಅಂದ ಇಸ್ತ್ರಿ ನನಗೆ. ಬೇರೇನೂ ಅವನ ಕೈಯಲ್ಲಿ ಉಳಿದಿರಲಿಲ್ಲ. ಬಾಡಿಗೆ ನೆನಪಾಯಿತು, ಔಷಧಿ ನೆನಪಾಯಿತು. ಹೆದರಿಕೆಯಾಗಲಿಲ್ಲ ಅಂದರೆ ನಂಬಬೇಡಿ. ಆದರೂ ಅವನಿಗೆ ಬೆನ್ನು ಹಾಕಿ ಅತ್ತೆಯ ಕುರ್ಚಿಯ ಹತ್ತಿರ ಹೋದೆ.

ಅತ್ತೆ ನನ್ನ ಹೆಗಲು ಹಿಡಿದು ಎದ್ದರು. ಎರಡು ಹೆಜ್ಜೆ ನಡೆದು ಅವನ ಮುಂದೆ ನಿಂತರು. ಗಾಳಿ ಜೋರಾಗಿತ್ತು. ಅವನು ಇಸ್ತ್ರಿ ಮಾಡಿದ ತೆಳು ಅಂಗಿಯಲ್ಲಿ, ಎರಡೂ ಕೈ ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಿದ್ದ. ತುಟಿ ಕಪ್ಪಿಟ್ಟಿತ್ತು. ಅಷ್ಟೂ ದಿನ ಅವನ ಜೊತೆ ಕೆಲಸ ಮಾಡಿದ ನಾನು ಅದನ್ನು ನೋಡಿರಲೇ ಇಲ್ಲ. ಕಂಪನಿ ಅವನಿಗೂ ಒಂದು ಕೋಟು ಕೊಟ್ಟಿರಲಿಲ್ಲ.

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ರಾಶೀಲಿ ಇನ್ನೂ ಒಂದೆರಡು ಉಳಿದಾವೆ," ಅಂದರು. "ನೀನೂ ಒಂದು ಹಾಕ್ಕೋ ಮಗ. ಕೊಟ್ಟಿದ್ದೇ ತಾನೆ."

ಅವನು ಹಾಕಿಕೊಳ್ಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ನಿಂತ. ಆದರೆ ಅವನ ಕಣ್ಣು ಆ ರಾಶಿಯ ಕಡೆ ಒಮ್ಮೆ ಹೋಗಿ ಬಂತು. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.